ನೆರೆಮನೆಯ ರೊಟ್ಟಿ

ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ, ಡೀ ಮತ್ತು ಡಾನ್ ಎಂಬ ಎರಡು ನದಿಗಳು ಕಡಲನ್ನು ಸೇರುವ ಎಡೆಯಲ್ಲಿ ಆಬರ್ಡೀನ್ ಪಟ್ಟಣವಿರುವುದು. ಅಲ್ಲಿಯ ಹಳೆಯ ಮನೆಗಳೆಲ್ಲ ಬೂದುಬಣ್ಣದ ಗ್ರಾನೈಟ್ ಕಲ್ಲಿನವು. ಮಳೆ ನಿಂತು ಬಿಸಿಲು ಬಿದ್ದೊಡನೆ ಕಲ್ಲಿನೊಳಗಿನ ಅಭ್ರಕದ ಕಣಗಳು ಮಿನುಗಿ, ಊರಿಗೆ ಬೆಳ್ಳಿಯ ನೀರು ಹೊಡೆದಂತೆ ಕಾಣುವುದು. ಆದರೆ ಮಳೆ ನಿಲ್ಲುವವರೆಗೆ ಕಾಯುವ ತಾಳ್ಮೆ ನೋಡುವವನಿಗಿರಬೇಕು. 1974ರ ಅಕ್ಟೋಬರ್ ತಿಂಗಳಲ್ಲಿ ಈ ಊರಿಗೆ, ವಿಜಾಪುರ ಸೀಮೆಯಲ್ಲಿ ಹುಟ್ಟಿ ಧಾರವಾಡದಲ್ಲಿ ಓದಿದ ಗೃಹಿಣಿಯೊಬ್ಬಳು ವೈದ್ಯನಾದ ತನ್ನ ಗಂಡನೊಡನೆ ಬಂದಿಳಿದಳು. ಆಕೆಯ ಪೆಟ್ಟಿಗೆಯಲ್ಲಿ ಅತ್ತೆಯವರು ಕಟ್ಟಿಕೊಟ್ಟ ನಾಲ್ವತ್ತು ಖಡಕ್ ರೊಟ್ಟಿಗಳಿದ್ದುವು. ಅವುಗಳಲ್ಲಿ ಇಡಿಯಾಗಿ ಊರು ಮುಟ್ಟಿದುವು ಹನ್ನೊಂದು.

ಅವರ ಬಾಡಿಗೆ ಮನೆಗೆ ಗೋಡೆ ಹಂಚಿಕೊಂಡ ಪಕ್ಕದ ಮನೆಯಲ್ಲಿ ಎಪ್ಪತ್ತೆರಡು ವರ್ಷದ ವಿಧವೆಯೊಬ್ಬಳು ಒಬ್ಬಳೇ ಇದ್ದಳು. ಬ್ಯಾನ್ಫ್ ಸೀಮೆಯ ಒಕ್ಕಲು ಮನೆಯೊಂದರಲ್ಲಿ ಕೂಲಿಯಾಳಿನ ಮಗಳಾಗಿ ಬೆಳೆದವಳು. ಹೊಸಬರು ಬಂದ ಮೊದಲನೆಯ ಶನಿವಾರವೇ ಆಕೆ ಬಿಳಿಯ ವಸ್ತ್ರ ಮುಚ್ಚಿದ ತಟ್ಟೆಯೊಂದನ್ನು ಹಿಡಿದು ಬಾಗಿಲಿಗೆ ಬಂದಳು. ತಟ್ಟೆಯಲ್ಲಿ ತೆಳ್ಳನೆಯ, ಮಾಸಲು ಬಣ್ಣದ, ಅಂಚು ಮೇಲಕ್ಕೆ ಸುರುಳಿಗೊಂಡ ಎಂಟು ತುಂಡು ಓಟ್ಸ್ ರೊಟ್ಟಿ. ನಡುವೆ ಹಳದಿ ಚೀಸಿನ ಒಂದು ಗಡ್ಡೆ. "ಬಿಸಿಯಿರುವಾಗಲ್ಲ ಮಗಳೇ, ಆರಿದ ಮೇಲೆ ತಿನ್ನು; ಹಲ್ಲಿಗೆ ಸದ್ದು ಕೇಳಬೇಕು," ಎಂದು ಹೇಳಿ, ಒಳಗೆ ಬನ್ನಿರೆಂದರೂ ಬಾರದೆ ಹೊರಟುಹೋದಳು.

ಹೊಸ ನಾಡಿನಲ್ಲಿ ಕಲ್ಲಿನ ಗೋಡೆಗಳನ್ನೇ ನೋಡಿ ಬೇಸತ್ತಿದ್ದ ಗೃಹಿಣಿಗೆ ಆ ತಟ್ಟೆಯನ್ನು ಕಂಡು ಕಣ್ಣು ತುಂಬಿಬಂದಿತು. ಮುರಿದು ಬಾಯಿಗಿಡುವಷ್ಟರಲ್ಲಿ ಗಂಡನು ತಡೆದನು. "ಅದರಾಗ ಹಂದೀ ಕೊಬ್ಬು ಹಾಕಿರತಾರ. ಕೇಳಿ ತಿಳಕೊಂಡು ತಿನ್ನು." ಆಸ್ಪತ್ರೆಯ ಊಟದ ಮನೆಯಲ್ಲಿ ಆತನು ಅಷ್ಟನ್ನು ಕಲಿತಿದ್ದನು. ಮಾತು ನಿಜವಾಗಿದ್ದಿತು. ಹಂದಿಯ ಮಾಂಸವನ್ನು ಹುರಿದಾಗ ಇಳಿಯುವ ಕೊಬ್ಬನ್ನು ಗಡಿಗೆಯಲ್ಲಿ ತುಂಬಿಟ್ಟುಕೊಂಡು ಅದನ್ನೇ ಈ ಹಿಟ್ಟಿಗೆ ಬೆರಸುವುದು ಆ ನಾಡಿನ ಹಳೆಯ ಪದ್ಧತಿ. ಚೀಸನ್ನು ಹೆಪ್ಪುಗಟ್ಟಿಸಲು ಆಗ ಸಾಮಾನ್ಯವಾಗಿ ಬಳಸುತ್ತಿದ್ದುದು ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ದ್ರವ್ಯ. ಗೃಹಿಣಿಯದು ಮಾಂಸವನ್ನು ಮುಟ್ಟದ ಮನೆತನ. ತಟ್ಟೆಯ ಎರಡು ವಸ್ತುಗಳಲ್ಲಿ ಒಂದೂ ಆಕೆಗೆ ಸಲ್ಲುವಂತಿರಲಿಲ್ಲ.

ಕೇಳಿ ತಿಳಿದುಕೊಳ್ಳಬೇಕಾಗಿದ್ದಿತು. ಆಕೆ ಕೇಳಲಿಲ್ಲ. ಬಾಗಿಲಿಗೆ ತಂದುಕೊಟ್ಟ ಅನ್ನಕ್ಕೆ ಪರೀಕ್ಷೆಯಿಡುವುದು ಹೇಗೆಂಬ ಸಂಕೋಚ ಒಂದು. ಬಂದ ವಾರವೇ 'ನಿಮ್ಮದು ನಮಗೆ ನಡೆಯದು' ಎಂದರೆ ಮುಂದೆ ಯಾರು ಮಾತನಾಡಿಸುವರೆಂಬ ಭಯ ಇನ್ನೊಂದು. ಕೆಳಗೆ ಬಿದ್ದ ಜೋಳದ ಕಾಳನ್ನು ಆಯ್ದು ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವಳು ಅದನ್ನು ಕಸದ ಡಬ್ಬಿಗೆ ಹಾಕಲೂ ಆರಳು. ಕೊನೆಗೆ ಹಿತ್ತಿಲಿನ ಕಲ್ಲುಗೋಡೆಯ ಮೇಲೆ ಚೂರುಮಾಡಿ ಇಟ್ಟಳು. ಹಕ್ಕಿಗೆ ಹಾಕಿದುದು ಚೆಲ್ಲಿದಂತಲ್ಲವೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆಬರ್ಡೀನಿನ ಕಡಲಹಕ್ಕಿಗಳು ನಮ್ಮ ಕಾಗೆಗಳಂತೆ ಸಂಕೋಚವರಿಯದವು, ಗಾತ್ರದಲ್ಲಿ ಮಾತ್ರ ಬಾತುಗಳಷ್ಟು. ಎರಡು ನಿಮಿಷದಲ್ಲಿ ಗೋಡೆ ಬರಿದಾಯಿತು.

ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವುದು ನಮ್ಮಲ್ಲಿ ಸಲ್ಲದು. ಆಕೆ ಅದರಲ್ಲಿ ನಾಲ್ಕು ಶೇಂಗಾದ ಉಂಡೆಗಳನ್ನಿಟ್ಟು ಕೊಟ್ಟುಬಂದಳು. ಮರುದಿನ ಮುದುಕಿ ಬೇಲಿಯ ಬಳಿಯಲ್ಲಿ ನಿಂತು, ಉಂಡೆ ಬಹು ಸೊಗಸಾಗಿತ್ತೆಂದೂ ಒಂದೇ ಸಂಜೆಯಲ್ಲಿ ನಾಲ್ಕನ್ನೂ ಮುಗಿಸಿದೆನೆಂದೂ ಹೇಳಿ, "ನನ್ನ ರೊಟ್ಟಿ ಹೇಗಿತ್ತು?" ಎಂದು ಕೇಳಿದಳು. "ಬಹಳ ಚೆನ್ನಾಗಿತ್ತು," ಎಂದಳು ಗೃಹಿಣಿ. ಸುಳ್ಳಿಗೆ ಇಷ್ಟೇ ಸಾಕು. ಮುಂದಿನ ಶನಿವಾರ ಎಂಟರ ಬದಲು ಹನ್ನೆರಡು ತುಂಡುಗಳು ಬಂದುವು.

ಹೀಗೆ ಚಳಿಗಾಲವೆಲ್ಲ ನಡೆಯಿತು. ಡಿಸೆಂಬರ್ ತಿಂಗಳಲ್ಲಿ ಆ ಊರಿನಲ್ಲಿ ಮಧ್ಯಾಹ್ನ ಮೂರೂವರೆಗೆ ಸೂರ್ಯ ಮುಳುಗುವುದು. ಕತ್ತಲೆಯಲ್ಲಿ ಕೈಯಲ್ಲಿ ತಟ್ಟೆ ಹಿಡಿದು ಮಂಜಿನ ಮೇಲೆ ಎಚ್ಚರದಿಂದ ಹೆಜ್ಜೆಯಿಡುತ್ತ ಮುದುಕಿ ಬರುತ್ತಿದ್ದಳು. ತಟ್ಟೆ ತುಂಬಿಕೊಂಡೇ ಹಿಂದಕ್ಕೆ ಹೋಗುತ್ತಿದ್ದಿತು. ಒಬ್ಬಳು ಮತ್ತೊಬ್ಬಳದನ್ನು ತಿನ್ನುತ್ತಿದ್ದಳು, ಮತ್ತೊಬ್ಬಳು ತಿನ್ನುತ್ತಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ಹಗಲು ಹಿಗ್ಗಿತು. ಒಂದು ಶನಿವಾರ ಸಂಜೆ ಗೃಹಿಣಿ ಗೋಡೆಯ ಮೇಲೆ ಚೂರುಗಳನ್ನಿಟ್ಟು ತಿರುಗಿದಾಗ ನೆರೆಮನೆಯ ಮಾಳಿಗೆಯ ಕಿಟಕಿಯಲ್ಲಿ ಮುದುಕಿ ನಿಂತಿರುವುದು ಕಂಡಿತು. ಹಕ್ಕಿಗಳು ಕಿರಿಚಿ ಕಚ್ಚಾಡುತ್ತಿದ್ದುವು. ಒಂದರ ಕೊಕ್ಕಿನಲ್ಲಿ ರೊಟ್ಟಿಯ ಸುರುಳಿಯಂಚು ಅಷ್ಟು ದೂರಕ್ಕೂ ಸ್ಪಷ್ಟವಾಗಿತ್ತು. ಕಿಟಕಿಯ ಪರದೆ ಮುಚ್ಚಿಕೊಂಡಿತು. ಮುಂದಿನ ಶನಿವಾರ ತಟ್ಟೆ ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ. ಕೊನೆಯ ತಟ್ಟೆಯು ಮಾತ್ರ ಗೃಹಿಣಿಯ ಅಡಿಗೆಮನೆಯ ಹಲಗೆಯ ಮೇಲೆ ತೊಳೆದಿಟ್ಟಂತೆಯೇ ಇದ್ದಿತು.

ಮೂರನೆಯ ವಾರ ಆಕೆ ಅದನ್ನು ಎತ್ತಿಕೊಂಡು ಹೋದಳು. ಅದರಲ್ಲಿ ಏನನ್ನೂ ಇಟ್ಟಿರಲಿಲ್ಲ. ಏನಿಟ್ಟರೂ ಲಂಚದಂತೆ ಕಾಣುವುದೆಂದು ಆಕೆಗೆ ತೋರಿತು. ಬಾಗಿಲಲ್ಲಿಯೇ ನಿಂತು, ಹಂದಿಯ ಕೊಬ್ಬಿನ ವಿಷಯವನ್ನೂ ಕರುವಿನ ವಿಷಯವನ್ನೂ ಐದು ತಿಂಗಳ ಸುಳ್ಳನ್ನೂ ತಡವರಿಸುತ್ತ ಹೇಳಿ ಮುಗಿಸಿದಳು. ಮುದುಕಿ ಬಹಳ ಹೊತ್ತು ಸುಮ್ಮನಿದ್ದು, "ಇಷ್ಟೇನೇ? ನಾನು ಬೇರೆ ತಿಳಿದುಕೊಂಡಿದ್ದೆ," ಎಂದಳು. "ಕುದುರೆಯ ಮೇವೆಂದು ಎಸೆದೆಯೆಂದುಕೊಂಡೆ."

ಈ ಮಾತಿನ ಹಿಂದೆ ಇನ್ನೂರು ವರ್ಷಗಳ ನೋವಿರುವುದು. 1755ರಲ್ಲಿ ಪ್ರಕಟವಾದ ತನ್ನ ಇಂಗ್ಲಿಷ್ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಪಂಡಿತನು, ಇಂಗ್ಲೆಂಡಿನವರು ಕುದುರೆಗೆ ಹಾಕುವ ಓಟ್ಸನ್ನು ಸ್ಕಾಟರು ತಾವೇ ಉಂಡು ಬದುಕುವರೆಂಬ ಭಾವ ಬರುವಂತೆ ಆ ಧಾನ್ಯಕ್ಕೆ ಅರ್ಥ ಬರೆದನು. ಆ ನಿಘಂಟನ್ನು ಪ್ರತಿಮಾಡಲು ಆತನು ಇಟ್ಟುಕೊಂಡಿದ್ದ ಆರು ಮಂದಿ ಲಿಪಿಕಾರರಲ್ಲಿ ಐವರು ಸ್ಕಾಟರೇ ಆಗಿದ್ದರೆಂಬುದು ತಮಾಷೆ. ವಿನೋದಕ್ಕಾಗಿ ಬರೆದುದೇ ಇರಬಹುದು. ಆದರೆ ಪಂಡಿತನ ವಿನೋದವು ಕೆಲಸದ ಹುಡುಗಿಯ ತಟ್ಟೆಯವರೆಗೂ ಇಳಿಯುವುದು. ಮುದುಕಿಯು ಹದಿನಾರನೆಯ ವಯಸ್ಸಿನಲ್ಲಿ, 1918ರ ಸುಮಾರಿಗೆ, ಲಂಡನ್ನಿನ ಮನೆಯೊಂದರಲ್ಲಿ ಚಾಕರಿಗಿದ್ದಳು. ತಾಯಿ ಕಳುಹಿಸಿದ ರೊಟ್ಟಿಯ ಗಂಟನ್ನು ಬಿಚ್ಚಿದಾಗ ಉಳಿದ ಆಳುಗಳು ಕುದುರೆಯಂತೆ ಕೆನೆದು ನಕ್ಕರಂತೆ. ಆ ನಗೆಯನ್ನು ಆಕೆ ಐವತ್ತಾರು ವರ್ಷ ಮರೆತಿರಲಿಲ್ಲ. ಕಡಲಹಕ್ಕಿಗಳ ಕಿರಿಚಾಟದಲ್ಲಿ ಅದೇ ಮತ್ತೆ ಕೇಳಿತ್ತು.

ಸ್ಕಾಟ್ಲೆಂಡಿನಲ್ಲಿ ಓಟ್ಸ್ ಮುಖ್ಯ ಆಹಾರವಾದುದು ಬಡತನದಿಂದ ಮಾತ್ರವಲ್ಲ, ನೆಲದಿಂದ. ಗೋದಿಗೆ ಬೇಕಾದ ಬೆಚ್ಚನೆಯ ಒಣ ಬೇಸಗೆ ಆ ನಾಡಿನ ಬಹುಭಾಗದಲ್ಲಿ ಇಲ್ಲ. ತಂಪು, ತೇವ, ಹುಳಿಮಣ್ಣುಗಳನ್ನು ಸಹಿಸಿ ಬೆಳೆಯುವುದು ಓಟ್ಸ್. 14ನೆಯ ಶತಮಾನದ ಚರಿತ್ರಕಾರ ಫ್ರ್ವಾಸಾರನು, ಸ್ಕಾಟ್ ಸವಾರರು ಜೀನಿನಲ್ಲಿ ಕಬ್ಬಿಣದ ತಗಡೊಂದನ್ನೂ ಓಟ್ಸ್ ಹಿಟ್ಟಿನ ಚೀಲವೊಂದನ್ನೂ ಇಟ್ಟುಕೊಂಡು ದಂಡಿಗೆ ಹೋಗುತ್ತಿದ್ದರೆಂದು ಬರೆದಿರುವನು. ತಗಡು ಕಾಯಿಸಿದರೆ ಹಂಚಾಯಿತು. ಒಕ್ಕಲುಮನೆಗಳ ಆಳುಗಳಿಗೆ, ನಮ್ಮ ಆಯಗಾರರಿಗೆ ಕಾಳು ಅಳೆದುಕೊಟ್ಟಂತೆ, ಸಂಬಳದ ಒಂದು ಪಾಲನ್ನು ಈ ಹಿಟ್ಟಿನಲ್ಲಿಯೇ ಕೊಡುತ್ತಿದ್ದರು. ವರ್ಷಕ್ಕೆ 6½ ಬೋಲ್ ಎಂಬುದು ರೂಢಿಯ ಅಳತೆ. ಒಂದು ಬೋಲ್ ಎಂದರೆ 140 ಪೌಂಡು. ವಿಶ್ವವಿದ್ಯಾಲಯಗಳಲ್ಲಿ 'ಹಿಟ್ಟಿನ ಸೋಮವಾರ' ಎಂದು ಚಳಿಗಾಲದಲ್ಲಿ ಒಂದು ರಜೆಯಿರುತ್ತಿದ್ದಿತು. ಬಡ ವಿದ್ಯಾರ್ಥಿಗಳು ಊರಿಗೆ ಹೋಗಿ ಚೀಲ ತುಂಬಿಸಿಕೊಂಡು ಬರಲೆಂದು! ವಾರಾನ್ನವುಂಡು ಓದಿದ ಹಿರಿಯರಿದ್ದ ಮನೆಗಳಲ್ಲಿ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಶನಿವಾರ ಮುದುಕಿಯು ಗೃಹಿಣಿಯನ್ನು ತನ್ನ ಅಡಿಗೆಮನೆಗೆ ಕರೆದಳು. "ನಿನ್ನ ಕಣ್ಣೆದುರಿಗೇ ಮಾಡುವೆನು. ಕೊಬ್ಬಿಗೆ ಬದಲಾಗಿ ನೀನು ಏನು ಹಾಕುವೆಯೋ ಹಾಕು." ಗೃಹಿಣಿ ತುಪ್ಪದ ಡಬ್ಬಿಯನ್ನು ತಂದಿದ್ದಳು. ಮುದುಕಿ ಅದನ್ನು ಮೂಸಿ ನೋಡಿ ತಲೆದೂಗಿದಳು.

ಹದವು ಹೀಗೆ. ನಡುತರಿಯ ಓಟ್ಸ್ ಹಿಟ್ಟು ನಾಲ್ಕು ಔನ್ಸು, ಎಂದರೆ ಸುಮಾರು 115 ಗ್ರಾಮು. ಎರಡು ಚಿಟಿಕೆ ಉಪ್ಪು, ಒಂದು ಚಿಟಿಕೆ ಅಡಿಗೆಸೋಡ. ನಡುವೆ ಗುಂಡಿಮಾಡಿ ಎರಡು ಸಣ್ಣ ಚಮಚ ಕಾಸಿದ ತುಪ್ಪ, ಮೇಲೆ ಕುದಿಯುವ ನೀರು ಹಿಟ್ಟು ಕೂಡುವಷ್ಟೇ. ಗೃಹಿಣಿಯು ನಕ್ಕಳು. ಇದು ಜೋಳದ ರೊಟ್ಟಿಯ ಎಸರಲ್ಲದೆ ಮತ್ತೇನು? ಗೋದಿಯಲ್ಲಿರುವ ಜಿಗಿಯ ಅಂಶವು ಜೋಳದಲ್ಲಿಲ್ಲ; ಓಟ್ಸಿನಲ್ಲಿಯೂ ಇಲ್ಲ. ಆದುದರಿಂದ ಹಿಟ್ಟನ್ನು ಕೂಡಿಸಲು ಬಿಸಿನೀರೇ ಗತಿ. ಅದರ ಕಾವಿಗೆ ಹಿಟ್ಟಿನ ಗಂಜಿಯಂಶವು ಅಂಟಾಗುವುದು. ಕಲಿಯಲು ಏನೂ ಇಲ್ಲವೆಂದುಕೊಂಡು ಆಕೆ ಉಂಡೆಯನ್ನು ಹಲಗೆಯ ಮೇಲಿಟ್ಟು ಅಂಗೈಯಿಂದ ತಟ್ಟತೊಡಗಿದಳು. ಮೂರನೆಯ ಏಟಿಗೆ ಅಂಚು ಸೀಳಿತು, ಐದನೆಯದಕ್ಕೆ ರೊಟ್ಟಿ ನಾಲ್ಕು ಹೋಳಾಯಿತು. ಮುದುಕಿಗೆ ನಗು ತಡೆಯಲಾಗಲಿಲ್ಲ. ಓಟ್ಸ್ ತರಿಯು ಜೋಳದ ಹಿಟ್ಟಿನಷ್ಟು ನಯವಲ್ಲ, ಪೆಟ್ಟನ್ನು ತಾಳದು. ಅದನ್ನು ಬೆರಳಗೆಣ್ಣುಗಳಿಂದ ಒತ್ತಿ, ಒಣಹಿಟ್ಟು ಉದುರಿಸಿ, ಲಟ್ಟಣಿಗೆಯಿಂದ ಬೇಗಬೇಗನೆ ಎರಡು ಕಾಸಿನ ನಾಣ್ಯಗಳನ್ನು ಒಂದರ ಮೇಲೊಂದಿಟ್ಟಷ್ಟು ದಪ್ಪಕ್ಕೆ ಹರಡಬೇಕು. ಅಂಚು ಸೀಳಿದಲ್ಲಿ ಬೆರಳಿನಿಂದ ಹಿಸುಕಿ ಮುಚ್ಚಬೇಕು. ಆರಿತೋ, ಹಿಟ್ಟು ಬಿರುಸಾಗಿ ಪುಡಿಯಾಗುವುದು. ಅದಕ್ಕಾಗಿಯೇ ಒಂದು ಸಲಕ್ಕೆ ಒಂದೇ ರೊಟ್ಟಿಯ ಹಿಟ್ಟನ್ನು ಕಲಸುವುದು. ಬಳಿಕ ಚಾಕುವಿನಿಂದ ಅಡ್ಡಕ್ಕೂ ಉದ್ದಕ್ಕೂ ಒಂದೊಂದು ಗೆರೆ ಕೊಯ್ದರೆ ನಾಲ್ಕು ತುಂಡು.

ಹಂಚು ಮಾತ್ರ ನೋಡತಕ್ಕ ವಸ್ತುವಾಗಿತ್ತು. ಆ ಸೀಮೆಯವರು ಅದನ್ನು ಗರ್ಡಲ್ ಎನ್ನುವರು. ದಪ್ಪ ಕಬ್ಬಿಣದ ಚಪ್ಪಟೆ ತಟ್ಟೆ, ಮೇಲೆ ಬಿಲ್ಲಿನಂತೆ ಬಾಗಿದ ಹಿಡಿ; ಒಲೆಯ ಮೇಲಿನ ಕೊಕ್ಕೆಗೆ ತೂಗಹಾಕುವ ಕಾಲದಿಂದ ಬಂದದ್ದು. ಈಗ ಅದು ಗ್ಯಾಸಿನ ಉರಿಯ ಮೇಲೆ ಕುಳಿತಿದ್ದಿತು. ನಡುಹದದ ಉರಿಯಲ್ಲಿ ತುಂಡುಗಳನ್ನಿಟ್ಟರೆ ಅಂಚುಗಳು ಮೆಲ್ಲಮೆಲ್ಲನೆ ಮೇಲಕ್ಕೆ ಬಾಗುವುವು. ಹಂಚಿನ ಮೇಲೆ ಮಗುಚುವಂತಿಲ್ಲ. ಬಾಗಿದವನ್ನು ಹಾಗೆಯೇ ಎತ್ತಿ, ಮೇಲ್ಮುಖವನ್ನು ಉರಿಯ ಇದಿರಿಗೆ ಹಿಡಿದು ಒಣಗಿಸಬೇಕು. ಬಣ್ಣ ಕಂದಿಸಕೂಡದು. ಹೊಲದಿಂದ ಬಂದ ಒಣಹುಲ್ಲಿನ ವಾಸನೆ, ಹುರಿದ ಕಾಳಿನ ವಾಸನೆ ಎರಡೂ ಕೂಡಿ ಅಡಿಗೆಮನೆಯನ್ನು ತುಂಬುವುವು. ಹಿಂದೆ ಬ್ಯಾನ್ಫಿನ ಮನೆಯಲ್ಲಿ ಇಂಥ ರೊಟ್ಟಿಗಳನ್ನು ಮರದ ಹಿಟ್ಟಿನ ಪೆಟ್ಟಿಗೆಯೊಳಗೆ ಹಿಟ್ಟಿನಲ್ಲಿಯೇ ಹೂತಿಡುತ್ತಿದ್ದರಂತೆ, ಗರಿಗರಿ ಕೆಡುತ್ತಿರಲಿಲ್ಲ. ಆ ಪೆಟ್ಟಿಗೆಗೆ ಹೊಸ ಹಿಟ್ಟು ತುಂಬಿಸುವ ದಿನ ಮಕ್ಕಳ ಕಾಲನ್ನು ತೊಳೆದು ಒಳಗಿಳಿಸಿ ತುಳಿಸುವುದು ಹಬ್ಬವೇ ಆಗಿದ್ದಿತು. ಗಾಳಿಯಾಡದಂತೆ ಹಿಟ್ಟು ಬಿಗಿಯಾಗಬೇಕು. ಓಟ್ಸಿನಲ್ಲಿ ಕೊಬ್ಬಿನಂಶ ಹೆಚ್ಚು. ಬೀಸಿಟ್ಟ ಸಜ್ಜೆಯ ಹಿಟ್ಟು ನಮ್ಮಲ್ಲಿ ಕೆಲವೇ ದಿನಗಳಲ್ಲಿ ಕಹಿಯಾಗುವ ಹಾಗೆ ಅದೂ ಕಮಟಾಗುವುದು. ಕಾಳನ್ನು ಬೀಸುವುದಕ್ಕೆ ಮೊದಲು ಗೂಡಿನಲ್ಲಿ ಕಾಸಿ ಒಣಗಿಸುವುದೂ ಇದಕ್ಕಾಗಿಯೇ. ಆ ಕಾವಿನಿಂದ ಕೊಬ್ಬನ್ನು ಕೆಡಿಸುವ ಕಿಣ್ವಗಳು ಸಾಯುವುವು, ರುಚಿಯೂ ಹುಟ್ಟುವುದು.

ರೊಟ್ಟಿಯ ತೊಡಕು ತುಪ್ಪದಿಂದ ತೀರಿತು. ಚೀಸಿನದು ಉಳಿಯಿತು. ಒಣರೊಟ್ಟಿಯನ್ನು ಬರಿದೆ ತಿಂದರೆ ಬಾಯಿಯ ನೀರನ್ನೆಲ್ಲ ಹೀರಿಬಿಡುವುದು. ಅದಕ್ಕೆ ಮೆತ್ತನೆಯ, ತುಸು ಹುಳಿಯಾದ ಜೊತೆ ಬೇಕೇ ಬೇಕು. ಆಗ ಮುದುಕಿಯು ಕ್ರೌಡಿಯ ಮಾತೆತ್ತಿದಳು. ಅದು ಬಡವರ ಚೀಸು. ಕೆನೆ ತೆಗೆದ ಹಾಲನ್ನು ಒಲೆಯ ಬದಿಯಲ್ಲಿಟ್ಟು ತಾನಾಗಿ ಹುಳಿತು ಹೆಪ್ಪುಗಟ್ಟಿದ ಮೇಲೆ, ಕುದಿಯಗೊಡದೆ ಬೆಚ್ಚಗೆಮಾಡಿ, ನೀರೊಡೆದಾಗ ಬಟ್ಟೆಯಲ್ಲಿ ಕಟ್ಟಿ ತೂಗಹಾಕುವುದು. ಕರುವಿನ ಹೊಟ್ಟೆಯ ಗೊಡವೆಯೇ ಇಲ್ಲ. "ಆದರೆ ಈಗ ಆಗುವುದಿಲ್ಲ. ನಾನು ಕ್ರೌಡಿ ಮಾಡಿ ಇಪ್ಪತ್ತು ವರ್ಷವಾಯಿತು. ಸೀಸೆಯ ಹಾಲು ಹುಳಿಯುವುದಿಲ್ಲ, ಕೊಳೆಯುವುದು," ಎಂದಳು. ಆಕೆ ಹೇಳಿದುದು ಸರಿ. ಪಾಶ್ಚರೀಕರಣದ ಕಾವಿನಿಂದ ಹಾಲನ್ನು ಹುಳಿಯಿಸುವ ಸೂಕ್ಷ್ಮಜೀವಿಗಳು ಬಹುಮಟ್ಟಿಗೆ ನಾಶವಾಗುವುವು. ಇಟ್ಟ ಹಾಲು ಮೊಸರಾಗುವ ಬದಲು ಕಹಿಯಾಗುವುದು.

"ಹೆಪ್ಪು ಹಾಕಬಾರದೇ?" ಎಂದು ಗೃಹಿಣಿ ಕೇಳಿದಳು. ಮುದುಕಿಗೆ ಅರ್ಥವಾಗಲಿಲ್ಲ. ತಾಯಿಯ ಕಾಲದಲ್ಲಿ ಹಾಲು ತಾನೇ ಹುಳಿಯುತ್ತಿದ್ದುದರಿಂದ ಹೊರಗಿನ ಹೆಪ್ಪು ಆಕೆಗೆ ಬೇಕಾಗಿರಲಿಲ್ಲ. ಗೃಹಿಣಿಯು ಮನೆಗೆ ಹೋಗಿ ಬಟ್ಟಲಲ್ಲಿ ಮೊಸರು ತಂದಳು. ಗ್ಲಾಸ್ಗೋ ನಗರದ ಗುಜರಾತಿ ಮನೆಯೊಂದರಿಂದ ತಂದ ಹೆಪ್ಪದು. ಐದು ತಿಂಗಳು ಆ ಚಳಿಯಲ್ಲಿ ಬಿಸಿನೀರಿನ ಕೊಳವೆಯ ಮಗ್ಗುಲಲ್ಲಿಟ್ಟು, ಕಂಬಳಿ ಹೊದಿಸಿ ಕಾಪಾಡಿಕೊಂಡುಬಂದುದು. ಸೀಸೆಯ ಹಾಲಿಗೆ ಒಂದು ಚಮಚ ಕೂಡಿಸಿ ಇಟ್ಟರು. ಬೆಳಗಾಗುವಷ್ಟರಲ್ಲಿ ಹಾಲು ಗಟ್ಟಿಯಾಗಿತ್ತು. ಮುದುಕಿಯು ಅದನ್ನು ಸಣ್ಣ ಉರಿಯಲ್ಲಿ ಬೆಚ್ಚಗಿಟ್ಟು ತಿರುವಿ, ಬಟ್ಟೆಯಲ್ಲಿ ಕಟ್ಟಿ, ತೊಟ್ಟಿಯ ನಲ್ಲಿಗೆ ತೂಗಹಾಕಿದಳು. ಶ್ರೀಖಂಡಕ್ಕೆ ಚಕ್ಕಾ ಕಟ್ಟಿದಂತೆಯೇ ಕಾಣುತ್ತಿದ್ದಿತು. ಕಾವು ಕೊಟ್ಟುದರಿಂದ ತರಿತರಿಯಾಗಿ ಸ್ವಲ್ಪ ಬಿರುಸು. ಉಪ್ಪು ಬೆರಸಿ, ಒಂದು ಚಮಚ ಕೆನೆ ಕೂಡಿಸಿ, ರೊಟ್ಟಿಯ ತುಂಡಿನ ಮೇಲೆ ದಪ್ಪಗೆ ಹಚ್ಚಿ ಮೊದಲನೆಯದನ್ನು ಗೃಹಿಣಿಯ ಕೈಗೆ ಕೊಟ್ಟಳು. ಆಕೆ ಕಚ್ಚಿದಳು. ಸದ್ದು ಕೇಳಿಸಿತು. ಎರಡನೆಯದನ್ನು ತಾನು ತಿಂದು ಮುದುಕಿ ಮಾತಾಡಲಿಲ್ಲ. ಅಂಗವಸ್ತ್ರದ ತುದಿಯಿಂದ ಮೂಗೊರಸಿಕೊಂಡು, ಇದು ತಾಯಿಯ ಕೈಯದಕ್ಕಿಂತ ಸ್ವಲ್ಪ ಹುಳಿ ಹೆಚ್ಚೆಂದು ಮಾತ್ರ ಹೇಳಿದಳು. ಆ ನಾಡಿನವರು ಹೊಗಳುವುದು ಹೀಗೆಯೇ.

ಅಂದಿನಿಂದ ಶನಿವಾರಗಳು ಮೊದಲಿನಂತೆ ನಡೆದುವು. ಮುದುಕಿಯು ತನ್ನ ಮಟ್ಟಿಗೆ ಹಂದಿಯ ಕೊಬ್ಬಿನ ರೊಟ್ಟಿಯನ್ನು ಬಿಡಲಿಲ್ಲ. ಬಿಡಬೇಕೆಂದು ಯಾರೂ ಕೇಳಲೂ ಇಲ್ಲ. ಎರಡು ಬಗೆಗೂ ಬೇರೆ ಬೇರೆ ಬೋಗುಣಿ, ಬೇರೆ ಬೇರೆ ಲಟ್ಟಣಿಗೆ ಇಟ್ಟುಕೊಂಡಳು. ತುಪ್ಪದ ಬೋಗುಣಿಗೆ ಕೆಂಪು ದಾರ ಕಟ್ಟಿದ್ದಳು. ಹಂಚು ಒಂದೇ ಆದೀತೆಂದು ಗೃಹಿಣಿಯ ಮನಸ್ಸು ಅಳುಕುವುದೆಂದು ತಾನಾಗಿಯೇ ಊಹಿಸಿ, ತನ್ನ ಅತ್ತೆಯದಾಗಿದ್ದ ಎರಡನೆಯ ಗರ್ಡಲನ್ನು ಅಟ್ಟದಿಂದಿಳಿಸಿ, ಮರಳಿನಿಂದ ತಿಕ್ಕಿ ಬೆಳಗಿ ತೆಗೆದಿಟ್ಟಿದ್ದಳು. ಧಾರವಾಡದಲ್ಲಿದ್ದ ಅತ್ತೆಯವರಿಗೆ ಈ ಸಮಾಚಾರವನ್ನು ಬರೆದಾಗ ಬಂದ ಉತ್ತರ ಒಂದೇ ಸಾಲಿನದು: "ಆ ಹಿರಿಯಾಕೆಗೆ ನನ್ನ ಶರಣು ಹೇಳು." 1976ರಲ್ಲಿ ಗೃಹಿಣಿಗೆ ಹೆಣ್ಣುಮಗು ಹುಟ್ಟಿತು. ಅದು ಹಲ್ಲು ಬರುವಾಗ ಕಚ್ಚಿದ್ದು ಓಟ್ಸ್ ರೊಟ್ಟಿಯ ಅಂಚನ್ನು. ಮುದುಕಿಯನ್ನು ಅಜ್ಜಿ ಎಂದೇ ಕರೆಯಿತು. ಆ ಶಬ್ದದ ಅರ್ಥವನ್ನು ಕೇಳಿ ತಿಳಿದುಕೊಂಡ ಮೇಲೆ ಮುದುಕಿಯು ಬೇರೆ ಯಾವ ಹೆಸರಿಗೂ ಆ ಮಗುವಿಗೆ ಓಗೊಡುತ್ತಿರಲಿಲ್ಲ.

1981ರಲ್ಲಿ ಸಂಸಾರವು ಧಾರವಾಡಕ್ಕೆ ಹಿಂದಿರುಗಿತು. ಎರಡನೆಯ ಗರ್ಡಲ್ ಪೆಟ್ಟಿಗೆಯಲ್ಲಿ ಬಂದಿತು. ಪತ್ರಗಳು 1988ರ ಚಳಿಗಾಲದವರೆಗೆ ಬರುತ್ತಿದ್ದುವು, ಅನಂತರ ನಿಂತುವು.

ಆಗ ನಮ್ಮಲ್ಲಿ ಓಟ್ಸ್ ಸಿಕ್ಕುವುದೇ ದುರ್ಲಭವಾಗಿತ್ತು. ಈಗ ಅದು ಪೇಟೆಯ ಎಲ್ಲ ಅಂಗಡಿಗಳಲ್ಲಿಯೂ ಇರುವುದು, ಹಬೆಯಲ್ಲಿ ಬೇಯಿಸಿ ಅವಲಕ್ಕಿಯಂತೆ ಚಪ್ಪಟೆಮಾಡಿದ ರೂಪದಲ್ಲಿ. ರಕ್ತದಲ್ಲಿ ಕೊಬ್ಬು ಹೆಚ್ಚಾದವರು ವೈದ್ಯರ ಮಾತಿನಂತೆ ಅದನ್ನು ಔಷಧದ ಮುಖಮಾಡಿಕೊಂಡು ನುಂಗುವರು. ಬ್ಯಾನ್ಫಿನ ಮುದುಕಿಯು ಕಂಡಿದ್ದರೆ ಏನೆನ್ನುತ್ತಿದ್ದಳೋ. ಗೃಹಿಣಿಯು ಈ ಅವಲಕ್ಕಿಯನ್ನು ಬಾಣಲೆಯಲ್ಲಿ ತುಸು ಬೆಚ್ಚಗೆ ಹುರಿದು, ಮಿಕ್ಸಿಯಲ್ಲಿ ತರಿಯಾಗಿ ಒಡೆದುಕೊಳ್ಳುವಳು. ಗಿರಣಿಯ ಹಿಟ್ಟಿನ ಹದ ಬಾರದಿದ್ದರೂ ಕೆಲಸ ನಡೆಯುವುದು. ಚೀಸಿಗೂ ಈಗ ತೊಡಕಿಲ್ಲ, ಪೊಟ್ಟಣದ ಮೇಲೆ ಹಸುರು ಚುಕ್ಕೆ ನೋಡಿ ಕೊಳ್ಳಬಹುದು. ಆದರೂ ಆಕೆ ಬಟ್ಟೆಯಲ್ಲಿ ಕಟ್ಟಿದುದನ್ನೇ ಹಚ್ಚುವಳು. ಮಗಳು ರಜೆಗೆ ಬಂದಾಗ ಗರ್ಡಲ್ ಒಲೆಗೇರುವುದು. ಈಗ ಎಪ್ಪತ್ತು ದಾಟಿದ ಕೈಗಳು ಹಿಟ್ಟನ್ನು ಮೊದಲಿನಷ್ಟು ಬೇಗ ಹರಡಲಾರವು. ಹಿಟ್ಟು ಆರಿಬಿಡುವುದು, ಅಂಚು ಸೀಳಿ, ನಾಲ್ಕರಲ್ಲಿ ಒಂದು ತುಂಡು ಎತ್ತುವಾಗಲೇ ಮುರಿಯುವುದು. ಹಿತ್ತಿಲಿನ ಗೋಡೆಯ ಮೇಲೆ ಕಾಗೆಗಳು ಕಾದು ಕುಳಿತಿರುವುವು. ಅನ್ನದ ಅಗುಳನ್ನೂ ರೊಟ್ಟಿಯ ಚೂರನ್ನೂ ಅವಕ್ಕೆ ದಿನವೂ ಹಾಕುವವಳು, ಓಟ್ಸ್ ರೊಟ್ಟಿಯ ಮುರುಕುಗಳನ್ನು ಮಾತ್ರ ಹಾಕುವುದಿಲ್ಲ. ಒಲೆಯ ಮುಂದೆ ನಿಂತಂತೆಯೇ ತಾನು ತಿಂದುಬಿಡುವಳು.